ಬಸುವಿನ ಬಲಗೈ

ಕಮ್ಮನಹಳ್ಳಿಯಲ್ಲಿ ನಮ್ಮ ಮಾವನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ರೂಮುಗಳಿವೆ. ಕೊನೆಯ ರೂಮಿಗೆ ತೊಂಬತ್ತಾರರಲ್ಲಿ ಯಾದಗಿರಿ ಕಡೆಯ ಬಸು ಮತ್ತು ಅವನ ಹೆಂಡತಿ ಗಂಗಾ ಬಂದರು. ಬಸು ಗಾರೆ ಕೆಲಸದವನು. ಇಂದಿರಾನಗರದಲ್ಲಿ ಏಳುತ್ತಿದ್ದ ದೊಡ್ಡ ಮನೆಗಳ ಗೋಡೆಗೆ ಅವನೇ ಕರಣೆ ಎಳೆಯಬೇಕು ಎಂದು ಮೇಸ್ತ್ರಿಗಳು ಕಾಯುತ್ತಿದ್ದರು. ನಮ್ಮ ಜಗಲಿಯನ್ನೂ ಮಾಡಿಕೊಟ್ಟ. ದುಡ್ಡು ತಗೊಳ್ಳೋ ಎಂದರೆ ನಕ್ಕುಬಿಟ್ಟ. ಇಷ್ಟು ಒಳ್ಳೆಯವನಾದರೆ ಈ ಊರಲ್ಲಿ ಬದುಕುವುದು ಹೇಗೆ ಎಂದು ನನಗೆ ಅವತ್ತೇ ಸಿಟ್ಟು ಬಂದಿತ್ತು.

ಮಾರನೆಯ ವರ್ಷ, ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಬರುವಾಗ ಹಿಂದಿನಿಂದ ಕಾರೊಂದು ಗುದ್ದಿತು. ಬಲಭುಜದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಹಾಕಿದ ಕಟ್ಟು ಬಿಚ್ಚಿದ ಮೇಲೂ ಕೈ ಎದೆಯಿಂದ ಮೇಲೆ ಏಳಲಿಲ್ಲ. ಅವನ ತಲೆಗೆ ಗಂಗಾನೇ ನೀರು ಹಾಕಬೇಕು. ಕೈ ಏಳದ ಗಾರೆಯವನನ್ನು ಯಾರು ಕರೆಯುತ್ತಾರೆ?

ನನ್ನ ಚಿಕ್ಕಪ್ಪನ ಮಗ ಮುನಿರಾಜ್ ವಕೀಲ. ಗಂಡ ಹೆಂಡತಿ ಇಬ್ಬರನ್ನೂ ಅವನ ಹತ್ತಿರ ಎಳೆದುಕೊಂಡು ಹೋದೆ.

"ಕಾರಿನ ವಿಮೆ ಕಂಪನಿಯಿಂದ ಪರಿಹಾರ ಬರುತ್ತೆ ಅಕ್ಕ. ಆದ್ರೆ ಕೈ ಏಳಲ್ಲ ಅನ್ನೋದನ್ನ ನಾವು ತೋರಿಸ್ಬೇಕು. ಎಕ್ಸ್‌ರೇ, ಡಾಕ್ಟ್ರ ಸರ್ಟಿಫಿಕೇಟು, ಫೋಟೋ, ಎಲ್ಲಾ ಬೇಕು," ಎಂದ.

ಪರಿಹಾರ ಬಂದರೆ ಬಸು ಒಂದು ಪುಟ್ಟ ಅಂಗಡಿ ಇಡಬಹುದು. ಬರದಿದ್ದರೆ ಗಂಗಾ ಸಿಮೆಂಟಿನ ಬಾಂಡ್ಲಿ ಹೊರಬೇಕು. ಅವಳಿಗೋ ಉಬ್ಬಸ. ಧೂಳು ಕುಡಿದರೆ ಆ ಹುಡುಗಿ ಉಳಿಯುವುದಿಲ್ಲ ಎಂದು ನನಗೆ ಹೆದರಿಕೆ.

ಶಿವಾಜಿನಗರದ ಅಕ್ತರನ ಸ್ಟುಡಿಯೋಗೆ ಬಸು ಇಸ್ತ್ರಿ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ, ವಿಭೂತಿ ಇಟ್ಟುಕೊಂಡು ಬಂದ. ಅಕ್ತರ್ ಕ್ಯಾಮೆರಾ ಹಿಂದಿನಿಂದ ಇಣುಕಿ, "ಭಾಯ್, ಶಾದಿ ಫೋಟೋ ಅಲ್ಲ ಇದು. ಅಂಗಿ ಬಿಚ್ಚು, ನಗಬೇಡ," ಎಂದ. ನಾನಿದ್ದೇನೆಂದು ಬಸು ನಾಚಿದ. "ನಿನ್ನಂಥವರನ್ನ ಎಷ್ಟು ಜನರನ್ನ ಎತ್ತಿ ಆಡಿಸಿಲ್ಲ ನಾನು, ಬಿಚ್ಚೋ," ಎಂದು ಗದರಿಸಿ ಗೋಡೆ ಕಡೆ ತಿರುಗಿ ನಿಂತೆ.

ಆಮೇಲೆ ಡಾಕ್ಟರು. ಅವರೂ ಅಂಗಿ ಬಿಚ್ಚಿಸಿದರು. ಎತ್ತು, ಇನ್ನೂ ಎತ್ತು, ಎಂದು ಅಳೆದರು. ವಿಮೆ ಕಂಪನಿಯ ಡಾಕ್ಟರು ಇನ್ನೊಮ್ಮೆ ಅಳೆದರು. ಸಂತೆಯಲ್ಲಿ ದನ ನೋಡುವವರೂ ಒಂದು ಮಾತು ಆಡಿಸುತ್ತಾರೆ, ಇವರು ಅದೂ ಇಲ್ಲ.

ವಿಚಾರಣೆ ಬರುವಷ್ಟರಲ್ಲಿ ಎರಡು ವರ್ಷ ಕಳೆಯಿತು. ನಾನು ಬಾಡಿಗೆ ಕೇಳಲಿಲ್ಲ, ಅವರು ಸಾಲದಲ್ಲಿ ದಿನ ದೂಡಿದರು. ಕೋರ್ಟಿನಲ್ಲಿ ಬಸು ಕಟಕಟೆ ಹಿಡಿದು ನಿಂತ. ಕಾಲು ನಡುಗುತ್ತಿತ್ತು. ಜಡ್ಜ್ ಸಾಹೇಬರು ಅದನ್ನು ನೋಡಿ, "ಒಂದು ಕುರ್ಚಿ ಹಾಕಿ. ಕೂತ್ಕೊಂಡು ಹೇಳಪ್ಪ," ಎಂದರು. ಬಸು ಕುರ್ಚಿಯ ತುದಿಯಲ್ಲಿ ಕೂತ. ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟ. ಗಂಗಾ ನನ್ನ ಕೈ ಹಿಡಿದುಕೊಂಡಳು. ಗೆದ್ದೆವು ಎಂದೇ ನಾನು ತಿಳಿದೆ.

"ಸರಿ, ಹೋಗಿ ಬಾ," ಎಂದರು ಜಡ್ಜ್.

ಬಸು ಎದ್ದ. ಅವರ ಕಡೆ ತಿರುಗಿ ಅಂಗೈ ಜೋಡಿಸಿ, ಎಡಗೈಯಿಂದ ಬಲಗೈಯನ್ನು ನೂಕುತ್ತ ನೂಕುತ್ತ, ಎರಡನ್ನೂ ತಲೆಯ ಮೇಲಕ್ಕೆ ಒಯ್ದು ಕೈಮುಗಿದ. ತುಟಿ ಕಚ್ಚಿಕೊಂಡಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

ವಿಮೆ ಕಂಪನಿಯ ವಕೀಲರು ಚಂಗನೆ ಎದ್ದರು. "ಸಾಕ್ಷಿ ಎರಡೂ ಕೈ ತಲೆ ಮೇಲೆ ಎತ್ತಿದ್ದಾರೆ. ದಾಖಲಿಸ್ಕೊಬೇಕು ಸ್ವಾಮಿ."

ಎಡಗೈ ನೂಕಿದ್ದು ಎಂದು ಮುನಿರಾಜ್ ಕೂಗಾಡಿದ.  ಜಡ್ಜ್ ಕೈ ಎತ್ತಿದ್ದನ್ನು ಬರೆದುಕೊಳ್ಳಲು ಟೈಪಿಸ್ಟಿಗೆ ಹೇಳಿದರು.

ತೀರ್ಪಿನಲ್ಲಿ ಆಸ್ಪತ್ರೆ ಖರ್ಚು ಬಂತು. ದುಡಿಯುವ ಶಕ್ತಿ ಹೋದದ್ದಕ್ಕೆ ಏನೂ ಬರಲಿಲ್ಲ. ಮೇಲಿನ ಕೋರ್ಟಿಗೆ ಹೋದರೂ ಆ ಒಂದು ಸಾಲು ಅಳಿಸೋಕಾಗಲ್ಲ ಅಕ್ಕ ಎಂದು ಮುನಿರಾಜ್ ಕೈಚೆಲ್ಲಿದ. ಮುಂದಿನ ವಾರದಿಂದ ಗಂಗಾ ಬಾಂಡ್ಲಿ ಹೊರಲು ಹೋದಳು.

ಹಲವು ದಿನ ನಾನು ಬಸುವಿನ ಹತ್ತಿರ ಮಾತಾಡಲಿಲ್ಲ.  ಒಂದು ಸಂಜೆ ಅವನು ಒಂದೇ ಕೈಯಲ್ಲಿ ಅಕ್ಕಿ ತೊಳೆಯುತ್ತಿದ್ದಾಗ ತಡೆಯಲಾಗದೆ ಕೇಳಿಯೇಬಿಟ್ಟೆ.

"ಯಾವ ಸುಡುಗಾಡಿಗೆ ಕೈ ಎತ್ತಿದೆಯೋ? ಬಾಯಲ್ಲಿ ನಮಸ್ಕಾರ ಅಂದಿದ್ರೆ ಸಾಲ್ತಿರ್ಲಿಲ್ವಾ?"

ಬಸು ತಲೆ ಎತ್ತಲಿಲ್ಲ. "ಎಲ್ಲಾರೂ ಅಂಗಿ ಬಿಚ್ಚು ಅಂದ್ರು, ಕೈ ಎತ್ತು ಅಂದ್ರು ಅಕ್ಕಾ. ಆ ಜಡ್ಜ್ ಸಾಹೇಬ್ರೊಬ್ರೇ ಕುರ್ಚಿ ಹಾಕ್ಸಿ ಕೂಡಪಾ ಅಂದ್ರು. ಅಂಥವ್ರಿಗಿ ಶರಣು ಮಾಡ್ಲಾರ್ದ ಹ್ಯಾಂಗ ಬರ್ಲಿ?"

ಅವನ ಕೈಯಿಂದ ಪಾತ್ರೆ ತೆಗೆದುಕೊಂಡು ಅಕ್ಕಿಯನ್ನು ನಾನೇ ತೊಳೆಯತೊಡಗಿದೆ. ಹೊರಗೆ ಗಂಗಾ ಕೆಮ್ಮುತ್ತ, ಉಸಿರಿಗಾಗಿ ನಿಂತು ನಿಂತು, ಗೇಟು ತೆಗೆಯುತ್ತಿದ್ದಳು.