ಅಕ್ಕ ಎದ್ದು ನಿಂತು ಹೇಳದೇ ಇದ್ದ ಸಾಕ್ಷಿ

ಬರ್ಕೊಂಡ್ಯಾ? ಎಲ್ಲೀವರೆಗೆ ಬಂತು? ಹಾಂ, ದಬ್ಬಣ. ದಬ್ಬಣ ಅಂದ್ರೆ ಗೇಣುದ್ದದ ಸೂಜಿ ಅಂತಾನೂ ಸೇರ್ಸು. ನೀವೆಲ್ಲ ಅಂಗಡಿಯಿಂದ ಫೋಮ್ ಹಾಸಿಗೆ ತಂದು ಮಲಗೋರು, ನಿಮಗೆಲ್ಲಿ ಗೊತ್ತಾಗಬೇಕು. ನನ್ನ ಅಕ್ಕ ಹತ್ತಿ ಹಾಸಿಗೆ ಹೊಲಿಯೋಳು. ಎಲ್ಲರೂ ಅವಳನ್ನ 'ಹಾಸಿಗೆ ಅಕ್ಕ' ಅಂತಾನೇ ಕರೆಯೋರು. ನಮ್ಮ ಸಭೆಯ ಹೆಂಗಸರ ಕೂಟದೋರು ಬಂದು, ಬಿಡದೆ ಪ್ರಾರ್ಥನೆ ಮಾಡೋದರ ಬಗ್ಗೆ ಒಂದಿಷ್ಟು ಹೇಳಿ ಅಜ್ಜಿ ಅಂದ್ರಲ್ಲ, ನನಗೆ ಉಪದೇಶ ಎಲ್ಲ ಬರಲ್ಲ ಕಂದ. ಅಕ್ಕನ ಕಥೆ ಹೇಳ್ತೀನಿ, ನೀನು ಬರಿ. ಆ ಫ್ಯಾನ್ ಸ್ವಲ್ಪ ಕಮ್ಮಿ ಮಾಡು, ಕಾಗದ ಹಾರತ್ತೆ.

ಬೀದಿ ಕಡೆ ಬಾಗಿಲಿರೋ ಒಂದೇ ಕೋಣೆ ಅವಳ ಅಂಗಡಿ. ಗಂಟುಗಟ್ಟಿರೋ ಹಳೇ ಹತ್ತಿ ತೆಗೆದು, ಕೋಲಲ್ಲಿ ಬಡಿದು, ಬಿಸಿಲಿಗೆ ಹಾಕಿ, ಮತ್ತೆ ಗವಸಿಗೆ ತುಂಬಿ ಹೊಲೀಬೇಕು. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದ್ರೆ ಹತ್ತೂವರೆಗೆಲ್ಲ ಹತ್ತಿ ಧೂಳಿಗೆ ಹುಬ್ಬು ಬೆಳ್ಳಗೆ. ನಿನ್ನ ಅಜ್ಜ 'ನಿಮ್ಮಕ್ಕ ಮಧ್ಯಾಹ್ನದೊಳಗೆ ಮುದುಕಿ ಆಗಿ ಸಾಯಂಕಾಲಕ್ಕೆ ಸ್ನಾನ ಮಾಡಿ ಹುಡುಗಿ ಆಗ್ತಾಳೆ' ಅಂತ ನಗಾಡೋರು. ಒಳ್ಳೇ ಮನುಷ್ಯ, ಪಾಪ. ಅದು ಬೇಡ, ಅವರ ಸುದ್ದಿ ಬರೀಬೇಡ.

ಭಾವ ಬೇಗ ತೀರ್ಕೊಂಡ್ರು. ಅಕ್ಕನಿಗೆ ಇದ್ದಿದ್ದು ಒಬ್ಬಳೇ ಮಗಳು, ನಿನ್ನ ಗುಬ್ಬಿ ಅತ್ತೆ. ಔಷಧಿ ಅಂಗಡೀಲಿ ಕೆಲಸ. ಅವಳಿಗೆ ಮದುವೆ ಗೊತ್ತಾಗಿದ್ದ ಹುಡುಗ ಕೊನೇ ಗಳಿಗೇಲಿ ಬೇಡ ಅಂದುಬಿಟ್ಟ. ಗುಬ್ಬಿ ದಿಂಬಲ್ಲಿ ಮುಖ ಇಟ್ಟು ಅತ್ತಳು. ತಾಯಿ ಕರುಳು ತಡೀತಾ? ಅಕ್ಕ ಸೀದಾ ಪ್ರಾರ್ಥನಾ ಕೂಟಕ್ಕೆ ಹೋಗಿ ಎದ್ದು ನಿಂತು, 'ನನ್ನ ಮಗಳಿಗೋಸ್ಕರ ಪ್ರಾರ್ಥನೆ ಮಾಡಿ, ಹುಡುಗ ಕೈ ಕೊಟ್ಟ, ಹಗಲೂ ರಾತ್ರಿ ಅಳ್ತಾಳೆ' ಅಂದ್ಲು. ಮಾರನೇ ದಿನ ಕೆಮ್ಮಿನ ಔಷಧಿಗೆ ಬಂದ ಹೆಂಗಸೊಬ್ಬಳು, ಅಂಗಡಿ ತುಂಬ ಜನ ಇರೋವಾಗ ಗುಬ್ಬಿ ಕೈ ಹಿಡ್ಕೊಂಡು, 'ಅಳಬೇಡ ಕಣಮ್ಮ, ನಾವೆಲ್ಲ ನಿನಗೋಸ್ಕರ ಮೊಣಕಾಲೂರಿದ್ದೀವಿ' ಅಂದಳಂತೆ.

ಮುಗೀತು. ಗುಬ್ಬಿ ಮನೆಗೆ ಬಂದು ಬಟ್ಟೆ ತುಂಬ್ಕೊಂಡ್ಲು. ಔಷಧಿ ಅಂಗಡಿ ಮಹಡಿ ಮೇಲೆ ಬಾಡಿಗೆ ಕೋಣೆ ಹಿಡಿದ್ಲು. ಅಮ್ಮನ ಹತ್ರ ಮಾತು ಬಂದ್.

ಅವತ್ತಿಂದ ಅಕ್ಕನಿಗೆ ಒಂದೇ ಪ್ರಾರ್ಥನೆ. ಸಭೇಲಿ ಬಾಯಿ ಬಿಡಲಿಲ್ಲ, ಬುದ್ಧಿ ಬಂದಿತ್ತು. ಹಾಸಿಗೆ ಮೇಲೆ ಕೂತು ದಬ್ಬಣ ಚುಚ್ಚಿ, ಕೆಳಗಿಂದ ಎಳೆದು, ಗಂಟು ಹಾಕ್ತಾ, 'ಸ್ವಾಮಿ, ಮಗಳನ್ನ ಮನೆಗೆ ಕಳ್ಸು.' ಇನ್ನೊಂದು ಗಂಟು, 'ಮನೆಗೆ ಕಳ್ಸು.'

ಇನ್ನು ಅವಳ ಓರಗಿತ್ತಿ ಬಗ್ಗೆ ಹೇಳ್ಬೇಕು. ಭಾವನ ತಮ್ಮನ ಹೆಂಡತಿ, ಹಿಂದಿನ ಬೀದೀಲೇ ಮನೆ. ಭಾನುವಾರ ಆರಾಧನೆ ಮುಗಿಯೋ ಮುಂಚೆ ಪಾಸ್ಟರು, ದೇವರು ಪ್ರಾರ್ಥನೆ ಕೇಳಿದ್ದಕ್ಕೆ ಸಾಕ್ಷಿ ಹೇಳೋರು ಎದ್ದು ನಿಲ್ಲಿ ಅಂತಾರಲ್ಲ, ಅವರ ಮಾತು ಮುಗಿಯೋದ್ರೊಳಗೆ ಇವಳು ಎದ್ದಾಗಿರೋದು. 'ಸ್ತೋತ್ರ! ನಮ್ಮ ಬಚ್ಚಲ ನಲ್ಲಿ ಸೋರೋದು ನಿಂತೋಯ್ತು.' 'ಸ್ತೋತ್ರ! ಹಲ್ಲು ಕೀಳಿಸದೇನೇ ನೋವು ಹೋಯ್ತು.' ಒಂದ್ಸಲ ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ್ದಕ್ಕೂ ಸ್ತೋತ್ರ. ಅಕ್ಕ ನನ್ನ ತೊಡೆ ಚಿವುಟಿ, ಹಲ್ಲು ಕಚ್ಕೊಂಡು, 'ನೋಡೇ, ದೇವರಿಗೆ ಅವಳ ನಲ್ಲಿ ರಿಪೇರಿಗೆ ಪುರುಸೊತ್ತಿದೆ' ಅನ್ನೋಳು. ಅವಳ ಹೊಟ್ಟೆ ಉರಿಗೆ ನನ್ನ ತೊಡೆ ಕೆಂಪಗಾಗ್ತಿತ್ತು.

ಒಂದಿನ ಅಕ್ಕ ಓರಗಿತ್ತಿ ಮನೆಗೆ ಹೊಲಿದ ದಿಂಬು ಕೊಡಕ್ಕೆ ಹೋದ್ಲು. ಬಾಗಿಲಲ್ಲಿ ಗುಬ್ಬಿ ಚಪ್ಪಲಿ. ಹಿಮ್ಮಡಿ ಒಂದು ಕಡೆ ಸವೆದಿರತ್ತೆ, ತಾಯಿಗೆ ಗುರುತು ಸಿಗಲ್ವಾ? ಒಳಗಿಂದ ಗುಬ್ಬಿ ನಗು. 'ಚಿಕ್ಕಮ್ಮ, ಇನ್ನೊಂಚೂರು ಹಾಕು' ಅಂತಿದ್ದಾಳೆ. ತಟ್ಟೆ ಸದ್ದು. ಅಕ್ಕ ದಿಂಬನ್ನ ಮೆಟ್ಟಿಲ ಮೇಲೆ ಇಟ್ಟು ವಾಪಸ್ ಬಂದ್ಲು.

ನಾನು ಅಂಗಡೀಲಿ ಅವಳ ಜೊತೆ ಹತ್ತಿ ತುಂಬ್ತಾ ಕೂತಿದ್ದೆ. ಅವಳು ತಲೆ ಎತ್ತಿ ಚಾವಣಿ ನೋಡಿ, 'ಒಂದು ಬೀದಿ ಆಚೆ ತಂದು ಬಿಟ್ಯಲ್ಲ, ಇನ್ನೊಂದಿಷ್ಟು ನಡೆಸಕ್ಕಾಗ್ಲಿಲ್ವಾ ನಿನಗೆ? ಕೇಳಿದ್ದು ನಾನು, ಕೊಟ್ಟಿದ್ದು ಅವಳಿಗಾ?' ಅಂದ್ಲು. ದಬ್ಬಣ ಬಿಸಾಕಿದ್ಲು. 'ಇನ್ಮೇಲೆ ಕೇಳಲ್ಲ.'

ಆಮೇಲೆ ದಬ್ಬಣ ಹುಡುಕಿ ತಗೊಂಡು ಮತ್ತೆ ಕೆಲಸಕ್ಕೆ ಕೂತ್ಲು. ನೋಡ್ತೀನಿ, ತುಟಿ ಆಡ್ತಾ ಇದೆ.

'ಏನೇ, ಕೇಳಲ್ಲ ಅಂದ್ಯಲ್ಲ?'

'ಕೇಳ್ತಿಲ್ಲ. ಜಗಳ ಆಡ್ತಿದ್ದೀನಿ.'

ಇದನ್ನ ದಪ್ಪ ಅಕ್ಷರದಲ್ಲಿ ಬರಿ ಕಂದ. ಜಗಳ ಆಡಿದ್ರೂ ಪರವಾಗಿಲ್ಲ, ದೇವರ ಹತ್ರ ಮಾತು ಬಿಡಬಾರದು.

ಸಾಯಂಕಾಲ ಓರಗಿತ್ತಿನೇ ಬಂದ್ಲು, ಮೆಟ್ಟಿಲ ಮೇಲೆ ದಿಂಬು ನೋಡಿ ಅವಳಿಗೆ ಅರ್ಥ ಆಗಿತ್ತು. ಅಕ್ಕ ಮುಖ ಎತ್ತದೇ ಕೇಳಿದ್ಲು, 'ಎಷ್ಟು ದಿನದಿಂದ ಬರ್ತಿದ್ದಾಳೆ?'

'ಸುಮಾರು ದಿನ ಆಯ್ತಕ್ಕ.'

'ನಲ್ಲಿಗೆ, ಹಲ್ಲಿಗೆ ಎಲ್ಲ ಎದ್ದು ನಿಲ್ತೀಯ. ಇದನ್ನ ಯಾಕೆ ಹೇಳ್ಲಿಲ್ಲ ಸಭೇಲಿ?'

'ಸಭೇಲಿ ಹೇಳಿದ್ದಕ್ಕೇ ಅಲ್ವಾ ಅಕ್ಕ ಅವಳು ಮನೆ ಬಿಟ್ಟಿದ್ದು? ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದಕ್ಕೇ ಅವಳು ಬರ್ತಿರೋದು. ನನ್ನ ಬಾಯಿ ನಿಂಗೆ ಗೊತ್ತಲ್ಲ, ಎಷ್ಟು ಕಷ್ಟ ಆಗ್ತಿದೆ ಅಂದ್ರೆ!'

ಅವಳು ಹೋದ್ಮೇಲೆ ಅಕ್ಕ ಇನ್ನೂ ಉರ್ಕೊಂಡ್ಲು. 'ಒಳ್ಳೇತನದಲ್ಲೂ ಅವಳೇ ಮುಂದೆ ಹೋದ್ಲು ನೋಡೇ!'

ಆದ್ರೆ ಅವತ್ತಿಂದ ಅವಳ ಪ್ರಾರ್ಥನೆ ಮಾತು ಬದಲಾಯ್ತು, ನಾನೇ ಕೇಳಿಸ್ಕೊಂಡೆ. ಮೊದಲು 'ಮಗಳನ್ನ ಕಳ್ಸು.' ಈಗ 'ನನ್ನ ಬಾಯಿಗೆ ಬೀಗ ಹಾಕು, ಆಮೇಲೆ ಕಳ್ಸು.' ಜೊತೆಗೆ ಪಿಸಪಿಸ ಅಂತ, 'ಓರಗಿತ್ತಿ ಮನೇಲಿ ಅವಳು ತಟ್ಟೆಗೆ ಎರಡನೇ ಸಲ ಹಾಕಿಸ್ಕೊಳ್ದೇ ಇರ್ಲಿ' ಅಂತ ಬೇರೆ. ಬಿಡು, ದೇವರು ಅದನ್ನ ಮಾತ್ರ ಕೇಳಿಸ್ಕೊಂಡಿರಲ್ಲ.

ಮಳೆಗಾಲ, ಚಳಿಗಾಲ ಕಳೀತು. ಒಂದು ಬೆಳಿಗ್ಗೆ ಗಾಡಿಯೋನು ಒಂದು ಹಾಸಿಗೆ ತಂದು ಇಳಿಸಿದ. ಗುಬ್ಬಿಯದು. ಗುಡ್ಡೆ ಗುಡ್ಡೆ ಆಗಿ ಹೋಗಿತ್ತು, ಬೆನ್ನು ನೋವು ಅಂತಿದ್ದಳಂತೆ, ಓರಗಿತ್ತಿ ಕಳಿಸಿದ್ದು. ಅಕ್ಕ ಆ ಹತ್ತೀನ ಮಗು ತಲೆ ಬಾಚಿದ ಹಾಗೆ ಹಿಂಜಿದ್ಲು. ಒಂದು ಗಂಟೂ ಪ್ರಾರ್ಥನೆ ಇಲ್ಲದೆ ಹಾಕಲಿಲ್ಲ.

ತಗೊಂಡು ಹೋಗಕ್ಕೆ ಗುಬ್ಬಿನೇ ಬಂದ್ಲು. ಗಾಡಿ ಬೀದಿ ತುದೀಲಿ ನಿಂತಿತ್ತು. ತುಂಬಿದ ಹಾಸಿಗೆ ಒಬ್ಬರ ಕೈಲಿ ಎತ್ತಕ್ಕಾಗಲ್ಲ. ಒಂದು ತುದಿ ಅಕ್ಕ, ಒಂದು ತುದಿ ಗುಬ್ಬಿ.

'ನಿಧಾನ. ಹೊಸ್ತಿಲು.'

'ಗೊತ್ತು.' ಸ್ವಲ್ಪ ದೂರ ಹೋದ್ಮೇಲೆ ಗುಬ್ಬಿ ಹಾಸಿಗೆ ಆ ಕಡೆಯಿಂದ ಕೇಳಿದ್ಲು, 'ಇದನ್ನೂ ಭಾನುವಾರ ಎದ್ದು ನಿಂತು ಹೇಳ್ತೀಯಾ?'

'ಇಲ್ಲ.'

'ನಿನಗೆ ಆಗಲ್ಲ ಬಿಡು.'

'ನೋಡು ಬೇಕಾದ್ರೆ.'

ಭಾನುವಾರ ಪಾಸ್ಟರು ಸಾಕ್ಷಿ ಕೇಳಿದ್ರು. ಹಿಂದಿನ ಸಾಲಲ್ಲಿ ಗುಬ್ಬಿ ಬಂದು ಕೂತಿದ್ಲು, ಪರೀಕ್ಷೆ ಮಾಡಕ್ಕೇ ಬಂದಿದ್ದು. ಇಡೀ ಸಭೇಲಿ ಅಕ್ಕನದಕ್ಕಿಂತ ದೊಡ್ಡ ಸಾಕ್ಷಿ ಯಾರ ಹತ್ರ ಇತ್ತು ಹೇಳು? ಆಗ ಓರಗಿತ್ತಿ ಎದ್ದು ಕಳೆದುಹೋದ ಬೀಗದ ಕೈ ಸಿಕ್ತು ಅಂದ್ಲು. ಎಲ್ಲರೂ ಚಪ್ಪಾಳೆ. ಅಕ್ಕನ ಮುಖ ನೋಡಬೇಕಿತ್ತು ನೀನು! ಬೆಂಚನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ಕೂತಿದ್ಲು, ಎಲ್ಲಿ ಎದ್ದುಬಿಡ್ತೀನೋ ಅಂತ. ಏಳಲಿಲ್ಲ.

ಆರಾಧನೆ ಮುಗಿದ್ಮೇಲೆ ಗುಬ್ಬಿ ಅಮ್ಮನ ಜೊತೆ ಮನೆಗೆ ನಡೆದ್ಲು. ಕೋಣೆ ಖಾಲಿ ಮಾಡಲಿಲ್ಲ, ಆದ್ರೆ ಮಧ್ಯಾಹ್ನದ ಊಟ ಅಮ್ಮನ ಹತ್ರ ಆಯ್ತು. ಅಕ್ಕ ಕೇಳೋದು ನಿಲ್ಲಿಸಿದ್ಲು ಅಂದ್ಕೊಂಡ್ಯಾ? ಬೇರೆ ಬೇರೆ ಕೇಳ್ತಾ ಹೋದ್ಲು, ಕೊನೇ ಹಾಸಿಗೆ ತನಕ. ಸಭೇಲಿ ಮಾತ್ರ ಎದ್ದು ನಿಲ್ಲಲಿಲ್ಲ, ಸಾಯೋ ತನಕ. ಓರಗಿತ್ತಿ ಎದ್ದಾಗಲೆಲ್ಲ ನನ್ನ ತೊಡೆಗೆ ಚಿವುಟು ತಪ್ಪಲಿಲ್ಲ ಅನ್ನು.

ಸಾಕು, ಅಷ್ಟೇ. ಇದನ್ನ ಕೂಟದೋರ ಕೈಗೆ ಈಗ್ಲೇ ಕೊಡಬೇಡ. ಚಪ್ಪಲಿ ಹಾಕ್ಕೋ, ಸೀದಾ ಗುಬ್ಬಿ ಅತ್ತೆ ಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಪೂರ್ತಿ ಓದಿ ಹೇಳು. ಅವಳು ಹೂಂ ಅಂದ್ರೆ ಕೂಟದೋರಿಗೆ ಕೊಡು. ಊಹೂಂ ಅಂದ್ರೆ ಅಲ್ಲೇ ಹರಿದು ಅವಳ ಒಲೆಗೆ ಹಾಕಿ ಬಾ.