ಹರಕೆಯಲ್ಲ, ಓಟ

ಹೆಂಗಸೊಬ್ಬಳು ಬೆಳಗ್ಗೆ ರಸ್ತೆಯಲ್ಲಿ ಓಡುತ್ತಿದ್ದರೆ ನಮ್ಮ ಮಧುಗಿರಿ ಕಡೆ ಜನ ಎರಡು ಕಾರಣ ಊಹಿಸುತ್ತಾರೆ. ಬಸ್ಸು ತಪ್ಪಿದೆ, ಇಲ್ಲವೇ ಮನೆಯಲ್ಲಿ ಜಗಳವಾಗಿದೆ. ನಾನು ಓಡಲು ಶುರು ಮಾಡಿದ ಹೊಸದರಲ್ಲಿ ಕೊರಟಗೆರೆ ರಸ್ತೆಯ ಬೈಕುಗಳೆಲ್ಲ ನನ್ನ ಪಕ್ಕಕ್ಕೆ ಬಂದು ನಿಧಾನವಾಗುತ್ತಿದ್ದವು. "ಹತ್ಕಳಿ ಮೇಡಂ, ಸ್ಟಾಪಿಗೆ ಬುಡ್ತೀನಿ." ಖಾಸಗಿ ಬಸ್ಸಿನ ಕಂಡಕ್ಟರಂತೂ ಬಾಗಿಲಲ್ಲಿ ನೇತಾಡಿಕೊಂಡು, "ಬನ್ನಿ ಬನ್ನಿ, ಸೀಟೈತೆ" ಎಂದು ಕೈ ಚಾಚುತ್ತಿದ್ದ. ಬೇಡಪ್ಪ, ಸುಮ್ಮನೆ ಓಡ್ತಿದೀನಿ ಎಂದರೆ ಯಾರೂ ನಂಬುತ್ತಿರಲಿಲ್ಲ. ಐವತ್ತರ ಹತ್ತಿರ ಬಂದ ಹೈಸ್ಕೂಲು ಲೆಕ್ಕದ ಟೀಚರು ಸುಮ್ಮನೆ ಯಾಕೆ ಓಡುತ್ತಾಳೆ?

ಸುಮ್ಮನೆ ಅನ್ನುವುದೂ ಪೂರ್ತಿ ನಿಜವಲ್ಲ. ನಾನು ಸಿಟ್ಟಿಗೆ ಓಡಿದವಳು. ನನ್ನ ಗಂಡನಿಗೆ ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ. ಒಂದು ಮಧ್ಯಾಹ್ನ ಯಾರದೋ ಪಹಣಿ ಜೆರಾಕ್ಸ್ ಮಾಡುತ್ತಿದ್ದವರು ಎದೆ ಹಿಡಿದುಕೊಂಡು ಅಲ್ಲೇ ಕುಸಿದರು. ತುಮಕೂರಿಗೆ ಒಯ್ದೆವು, ಅಲ್ಲಿಂದ ಬೆಂಗಳೂರಿಗೆ. ಸ್ಟೆಂಟು ಹಾಕಿದ ಡಾಕ್ಟರು, "ಇನ್ನೇನೂ ಭಯವಿಲ್ಲ, ದಿನಾ ನಡೀರಿ" ಎಂದು ಕಳಿಸಿದರು. ಆದರೆ ಭಯ ನಮ್ಮ ಜೊತೆಗೇ ಮನೆಗೆ ಬಂತು. ಅವರ ಬಲಗೈ ಯಾವಾಗಲೂ ಎದೆಯ ಮೇಲೇ. ಊಟಕ್ಕೆ ಕೂತಾಗ ಮಾತ್ರ ಕೆಳಗಿಳಿಯುತ್ತಿತ್ತು. ವಾಕಿಂಗಿಗೆ ಹೊರಡಿಸಿದರೆ ಬೀದಿಯ ತಿರುವಿನಲ್ಲಿ ನಿಂತು, "ಇಲ್ಲೇನೋ ಚುಳ್ ಅಂತು ಕಣೇ" ಎನ್ನುವರು, ವಾಪಸ್ ಹೊರಟುಬಿಡುವರು. ಹುಡುಗನಾಗಿದ್ದಾಗ ಕೊರಟಗೆರೆ ಸುತ್ತಿನ ಒಂದು ಕೆರೆ, ಒಂದು ಬಾವಿಯನ್ನೂ ಬಿಡದೆ ಈಜಿದ ಮನುಷ್ಯ! ಒಂದು ಬೆಳಗ್ಗೆ ಹಾಗೇ ತಿರುಗಿ ಹೋದಾಗ ನನಗೆ ಪಿತ್ತ ನೆತ್ತಿಗೇರಿತು. ಅವರು ನಡೆಯದ ಸಿಟ್ಟಿಗೆ ನಾನು ಓಡಿದೆ. ಪೆಟ್ರೋಲ್ ಬಂಕಿನ ತನಕ ಓಡಿ ಏದುಸಿರು ಬಿಡುತ್ತ ನಿಂತಾಗ ಸಿಟ್ಟು ಇಳಿದುಹೋಗಿತ್ತು. ಮಾರನೆಯ ದಿನ ಸಿಟ್ಟಿಲ್ಲದೆಯೂ ಓಡಿದೆ.

ಹೊಸ ಶೂ ಹಿಮ್ಮಡಿ ಕಚ್ಚಿದ ದಿನದಿಂದ ಜನರಿಗೆ ಮೂರನೆಯ ಕಾರಣವೊಂದು ಸಿಕ್ಕಿತು. ಅವತ್ತು ಶೂ ಬಿಚ್ಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಓಡಿ ಬಂದಿದ್ದೆ. ಬಸ್‌ಸ್ಟ್ಯಾಂಡಿನ ಹೂವಿನವಳು ನೋಡಿದಳು. ಸಂಜೆಯೊಳಗೆ ನಮ್ಮ ಬೀದಿಗೆಲ್ಲ ಗೊತ್ತಾಯಿತು, ಟೀಚರಮ್ಮ ಗಂಡನ ಆಯುಸ್ಸಿಗೆ ಹರಕೆ ಹೊತ್ತುಕೊಂಡು ಬರಿಗಾಲಲ್ಲಿ ಓಡುತ್ತಿದ್ದಾಳೆ ಎಂದು. ಮಾರನೆಯ ದಿನದಿಂದ ಶೂ ಹಾಕಿಕೊಂಡೇ ಓಡಿದರೂ ಪ್ರಯೋಜನವಾಗಲಿಲ್ಲ. ಯಾವ ದೇವರಿಗೆ ಎಂಬುದರಲ್ಲಿ ಮಾತ್ರ ಬೀದಿಯಲ್ಲಿ ಭಿನ್ನಾಭಿಪ್ರಾಯವಿತ್ತು. "ಹರಕೆಯಲ್ಲ ಕಣ್ರಮ್ಮ, ಓಟ" ಎಂದು ಹೇಳಿ ಹೇಳಿ ಬಾಯಿ ನೋವು ಬಂತು. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲವಿಲ್ಲ ಅಂತ ಮುಚ್ಚಿಡ್ತಾವ್ಳೆ ಎಂದು ಅದಕ್ಕೂ ಅರ್ಥ ಹಚ್ಚಿದರು. ಮನೆಯಲ್ಲಿ ಇದನ್ನು ಹೇಳಿ ನಾನು ನಕ್ಕೆ. ನನ್ನ ಗಂಡ ನಗಲಿಲ್ಲ. ಆಗ ಅದನ್ನು ನಾನು ಗಮನಕ್ಕೆ ತಂದುಕೊಳ್ಳಲಿಲ್ಲ.

ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಶಿರಾದವರು. ಅವರೇ ಒಂದು ದಿನ ಸ್ಟಾಫ್ ರೂಮಿನಲ್ಲಿ ಮೊಬೈಲು ತೋರಿಸಿದರು. ಪಾವಗಡದ ಸೋಲಾರ್ ಪಾರ್ಕಿನ ರಸ್ತೆಗಳಲ್ಲಿ ಇಪ್ಪತ್ತೊಂದು ಕಿಲೋಮೀಟರಿನ ಓಟವಂತೆ, ಹೆಂಗಸರೂ ಸೇರಬಹುದಂತೆ. "ಸೇರ್ಕೊಳ್ಳಿ ಮೇಡಂ. ನಿಮ್ಗೆ ದಮ್ ಐತೆ" ಎಂದರು. ಇಷ್ಟು ವರ್ಷದಲ್ಲಿ ನನ್ನಲ್ಲಿ ಏನೋ ಇದೆ ಎಂದು ಹೇಳಿದವರು ಅವರೊಬ್ಬರೇ. ಹೆಸರು ಕೊಟ್ಟೆ. ಕೊಟ್ಟ ಮೇಲೆ ಹುಚ್ಚು ಹಿಡಿದವಳ ಹಾಗೆ ಓಡಿದೆ, ವಾರ ವಾರಕ್ಕೂ ದೂರ ಹೆಚ್ಚಿಸಿದೆ. ಒಂದು ದಿನ ಎಡ ಮೊಣಕಾಲಿನ ಕೆಳಗಿನ ಮೂಳೆ ಉರಿಯತೊಡಗಿತು. ತುಮಕೂರಿನ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮೂಳೆ ಬಿರುಕು ಬಿಡುವ ಹಂತಕ್ಕೆ ಬಂದಿದೆ, ಕೆಲವು ವಾರ ಓಟ ಬಿಡಬೇಕು ಎಂದರು.

ನಾನು ಅಳುಮೋರೆ ಹಾಕಿಕೊಂಡು ಶಾಲೆಗೆ ಹೋದರೆ ಮೇಷ್ಟ್ರು ನಕ್ಕರು. "ಓಟ ಬಿಲ್ಕುಲ್ ಬಂದ್ ಮೇಡಂ. ಆದ್ರೆ ದಮ್ ಬಂದ್ ಮಾಡಂಗಿಲ್ಲ. ಕಾಲಿಗೆ ಪೆಟ್ಟು ಬೀಳದಂಗೆ ಎದೆಗೆ ಕೆಲಸ ಕೊಡ್ಬೇಕು. ಸೈಕಲ್ ತುಳೀರಿ, ಈಜು ಕಲೀರಿ. ನೋವು ಇಳಿದ್ಮೇಲೆ ಬೆಟ್ಟ ಹತ್ರಿ. ಇದ್ಕೇ ಕ್ರಾಸ್ ಟ್ರೈನಿಂಗ್ ಅನ್ನೋದು. ಓಡ್ದೇನೇ ಓಟಕ್ಕೆ ರೆಡಿ ಆಗೋದು."

ಆ ಸಂಜೆ ಮೇಷ್ಟ್ರ ಮಾತನ್ನು ಮನೆಯಲ್ಲಿ ಹೇಳಿ ನಾನು ಮುದ್ದೆ ತಿರುವುತ್ತಿದ್ದೆ. ನನ್ನ ಗಂಡ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಕೈ ಎದೆಯ ಮೇಲಿತ್ತು.

"ಸೈಕಲ್ ತುಳುದ್ರೆ ಲೆಕ್ಕಕ್ಕೆ ಬತ್ತದಾ?"

"ಯಾವ ಲೆಕ್ಕಕ್ಕೆ?"

"ಅದೇ... ಹರಕೆ ಲೆಕ್ಕಕ್ಕೆ. ಮಧ್ಯದಲ್ಲಿ ನಿಲ್ಸಬಾರ್ದು ಅಂತಾರಲ್ಲ."

ಮುದ್ದೆ ಕೋಲು ಕೈಯಲ್ಲೇ ಇತ್ತು, ಎತ್ತಿ ಒಂದು ಬಿಡೋಣ ಅನ್ನಿಸಿತು. ಬೀದಿಯವರು ನಂಬಿದರೆ ನಂಬಲಿ, ಜೊತೆಗೆ ಬಾಳುವವರೂ ನಂಬುವುದೇ! ಆದರೆ ಅವರ ಮುಖ ನೋಡಿದೆ. ಕೋರ್ಟಿನಲ್ಲಿ ತೀರ್ಪಿಗೆ ಕಾಯುವವರ ಮುಖವನ್ನು ನಾನು ಅವರ ಅಂಗಡಿಯಲ್ಲಿ ಕೂತು ಎಷ್ಟೋ ಸಲ ನೋಡಿದ್ದೇನೆ, ಅದೇ ಮುಖ. ಈ ಓಟ ಮುಗಿಸದಿದ್ದರೆ ತಾನು ಉಳಿಯುವುದಿಲ್ಲ ಎಂದು ಈ ಮನುಷ್ಯ ಗಟ್ಟಿಯಾಗಿ ನಂಬಿದ್ದಾರೆ ಅನ್ನಿಸಿ ಕೋಲನ್ನು ಪಾತ್ರೆಗೆ ಇಳಿಸಿದೆ. ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಬಾಯಿ ಬರಲಿಲ್ಲ. "ಬರುತ್ತೆ ಬಿಡಿ" ಎಂದೆ.

ಅಲ್ಲಿಂದ ನಾನು ಮಾಡಿದ್ದಕ್ಕೆಲ್ಲ ಅವರೂ ಬಂದರು, ಹರಕೆಯ ಕಾವಲಿಗೆ ಬಂದಂತೆ. ಮೇಷ್ಟ್ರು ತಮ್ಮ ಮಗಳ ಹಳೇ ಸೈಕಲನ್ನು ಶಿರಾದಿಂದ ಬಸ್ಸಿನ ಟಾಪಿಗೆ ಹಾಕಿ ಕಳಿಸಿದರು. ನಾನು ತುಳಿದರೆ ನನ್ನ ಗಂಡ ಮೊಪೆಡ್ಡಿನಲ್ಲಿ ಹಿಂದೆ ಹಿಂದೆ. ಏರಿನಲ್ಲಿ ನಾನು ಇಳಿದು ತಳ್ಳಿದರೆ, "ಇಳೀಬ್ಯಾಡ, ಇಳೀಬ್ಯಾಡ" ಎಂದು ಹಿಂದಿನಿಂದ ಕೂಗು. ಗಾಡಿಯ ಮೇಲೆ ಕೂತವರಿಗೆ ಏರು ಏನು ಗೊತ್ತು?

ಈಜು ಕಲಿಯಲು ಕೊರಟಗೆರೆ ಹತ್ತಿರ ಅವರ ಅಣ್ಣನ ತೋಟದ ಬಾವಿಗೆ ಹೋದೆವು. ಮೆಟ್ಟಿಲಿರುವ ಹಳೇ ಬಾವಿ, ಆ ವರ್ಷ ಮಳೆ ಚೆನ್ನಾಗಿ ಬಿದ್ದು ನೀರು ಮೇಲೆ ಬಂದಿತ್ತು. ಒಣಗಿದ ಕತ್ತಾಳೆ ಕಂಬದ ಬೆಂಡನ್ನು ಅವರೇ ಕುಯ್ದು ನನ್ನ ಬೆನ್ನಿಗೆ ಕಟ್ಟಿದರು. ಅವರು ಚಿಕ್ಕವರಾಗಿದ್ದಾಗ ಕಲಿತದ್ದೂ ಹಾಗೆಯೇ. ಸೊಂಟಕ್ಕೆ ಹಗ್ಗ ಬಿಗಿದು, ತುದಿಯನ್ನು ಕೈಗೆ ಸುತ್ತಿಕೊಂಡು ಮೆಟ್ಟಿಲ ಮೇಲೆ ನಿಂತರು. ನೀರಿಗಿಳಿಯಲು ಅವರಿಗೆ ಭಯ. ಚೂಡಿದಾರ ಹಾಕಿಕೊಂಡು, ಬೆನ್ನ ಮೇಲೆ ಬೆಂಡು ಹೊತ್ತುಕೊಂಡು ನಾನು ಬಡಿದಾಡುತ್ತಿದ್ದರೆ, "ಕಾಲ್ ಮಡಿಸ್ಬ್ಯಾಡ, ಕೈ ಮುಂದಕ್ ಚಾಚು" ಎಂದು ಮೆಟ್ಟಿಲ ಮೇಲಿನಿಂದಲೇ ಪಾಠ.

ಒಂದು ಭಾನುವಾರ ಬೆಂಡಿನ ಗಂಟು ಸಡಿಲವಾಯಿತು. ಬೆಂಡು ಒಂದು ಕಡೆಗೆ ತೇಲಿತು, ನಾನು ಇನ್ನೊಂದು ಕಡೆಗೆ ಮುಳುಗಿದೆ. ಮೂಗಿಗೆ, ಬಾಯಿಗೆ ನೀರು. ಹಗ್ಗ ಎಳೆದಿದ್ದರೆ ಸಾಕಿತ್ತು, ನಾನು ಮೆಟ್ಟಿಲಿಗೆ ಬರುತ್ತಿದ್ದೆ. ಆದರೆ ಅವರು ಹಗ್ಗ ಮರೆತು, ಪ್ಯಾಂಟು, ಶರ್ಟು, ಜೇಬಿನ ಮೊಬೈಲು ಸಮೇತ ಧುಮುಕಿಬಿಟ್ಟರು. ನನ್ನ ಜಡೆ ಹಿಡಿದು ದಡಕ್ಕೆ ತಂದರು. ಇಬ್ಬರೂ ಮೆಟ್ಟಿಲ ಮೇಲೆ ಕೆಮ್ಮುತ್ತ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಅವರು ಎದೆ ಮುಟ್ಟಿಕೊಂಡು, ಕಿವಿಗೊಟ್ಟು ಕೇಳುವವರ ಹಾಗೆ ತಲೆ ಬಗ್ಗಿಸಿದರು. "ಏನೂ ಆಗ್ಲಿಲ್ಲ ಕಣೇ" ಎಂದರು. ಮೊಬೈಲು ಹೋಗಿತ್ತು. ನನಗೆ ಅವತ್ತು ಆದ ಸಂತೋಷ ಯಾವತ್ತೂ ಆಗಿರಲಿಲ್ಲ. ಮುಂದಿನ ಭಾನುವಾರ ಅವರು ಟವೆಲು ತಂದಿದ್ದರು.

ನೋವು ಇಳಿದ ಮೇಲೆ ಬೆಟ್ಟ. ನಮ್ಮೂರಿನ ಬೋಳು ಬಂಡೆಯನ್ನು ಹುಟ್ಟಿದಾಗಿನಿಂದ ನೋಡಿದ್ದೆನೇ ಹೊರತು ಮೈಮುರಿದು ಹತ್ತಿದವಳಲ್ಲ. ಅವರು ನೀರಿನ ಬಾಟಲು ಹಿಡಿದು ಮೊದಲನೇ ಕೋಟೆ ಬಾಗಿಲಲ್ಲಿ ಕೂತುಬಿಡುತ್ತಿದ್ದರು. ನಾನು ಮೇಲಿನಿಂದ, "ರೀ, ಬಾಯಾರಿ ಸಾಯ್ತಿದೀನಿ, ನೀರು" ಎಂದು ಕೂಗುತ್ತಿದ್ದೆ. ಗೊಣಗುತ್ತ ಹತ್ತಿ ಬರುತ್ತಿದ್ದರು. ಬಂಡೆಯ ಕಡಿದಾದ ಭಾಗದಲ್ಲಿ ಕಂಬಿ ಹಿಡಿಯಲು ಎರಡೂ ಕೈ ಬೇಕು, ಎದೆಯ ಮೇಲಿಡಲು ಕೈ ಉಳಿಯುವುದಿಲ್ಲ. ವಾರ ಕಳೆದ ಹಾಗೆ ನಾನು ಇನ್ನೂ ಮೇಲೆ ಹೋಗಿ ಕೂಗಿದೆ. ಲೆಕ್ಕದ ಟೀಚರಿಗೆ ಇಷ್ಟಾದರೂ ಉಪಾಯ ಬೇಡವೇ?

ಓಟದ ದಿನ ಬಂತು. ನನ್ನ ಗಂಡ ಮೊಪೆಡ್ಡಿನಲ್ಲೇ ಪಾವಗಡಕ್ಕೆ ಬಂದಿದ್ದರು. ಕಪ್ಪು ಸೋಲಾರ್ ಹಲಗೆಗಳ ನಡುವೆ ನೇರ ರಸ್ತೆ, ನೆರಳೆಂಬುದೇ ಇಲ್ಲ. ಶುರುವಿನಲ್ಲಿ ಕಾಲು ನನ್ನ ಮಾತು ಕೇಳಿತು. ತುಳಿದ ಸೈಕಲ್ಲು, ಕುಡಿದ ಬಾವಿ ನೀರು, ಹತ್ತಿದ ಬೆಟ್ಟ ಎಲ್ಲ ಉಸಿರಿನಲ್ಲಿ ಇದ್ದವು. ನನ್ನ ಅರ್ಧ ವಯಸ್ಸಿನವರು ಸೊಂಟ ಹಿಡಿದು ನಿಂತಿದ್ದರೆ ನಾನು ದಾಟಿ ಹೋಗುತ್ತಿದ್ದೆ. ಮುಗಿಸುತ್ತೇನೆ, ಈ ಮನುಷ್ಯನ ಭಯವನ್ನೂ ಇಲ್ಲೇ ಮುಗಿಸುತ್ತೇನೆ ಅಂದುಕೊಂಡೆ.

ಕ್ಯಾತಗಾನಚೆರ್ಲಿನ ಹತ್ತಿರ ನನ್ನ ಗಂಡನ ಚಿಕ್ಕಮ್ಮ ಕಾಯುತ್ತಿದ್ದರು. ಆ ಊರಿಗೆ ಮದುವೆಯಾಗಿ ಹೋದವರು. ಹೊಲ ಸೋಲಾರಿಗೆ ಕೊಟ್ಟ ಮೇಲೆ ಕಳೆ ಕೀಳುವ ಕೆಲಸವೂ ಇಲ್ಲದೆ ಕೂತಿದ್ದ ಅವರಿಗೆ ಹರಕೆಯ ಸುದ್ದಿ ಮುಟ್ಟಿಬಿಟ್ಟಿತ್ತು. ಅಕ್ಕಪಕ್ಕದ ಹೆಂಗಸರನ್ನು ಕೂಡಿಸಿಕೊಂಡು, ಬಿಂದಿಗೆಗಳಲ್ಲಿ ಅರಿಶಿನದ ನೀರು ತುಂಬಿಕೊಂಡು ರಸ್ತೆಗೆ ಅಡ್ಡ ನಿಂತಿದ್ದರು. ಹರಕೆ ಹೊತ್ತು ನಡೆದು ಬರುವವರ ಕಾಲಿಗೆ ನೀರು ಹಾಕುವುದು ಈ ಸೀಮೆಯ ಪದ್ಧತಿ. "ರಾ ತಲ್ಲಿ, ಬಾರಮ್ಮ" ಎಂದು ತೆಲುಗು ಬೆರೆಸಿ ಕರೆದವರೇ, ನಾನು ಬೇಡ ಬೇಡ ಅನ್ನುವಷ್ಟರಲ್ಲಿ, ಬಿಂದಿಗೆಗಳನ್ನು ನನ್ನ ಶೂಗಳ ಮೇಲೆ ಬಗ್ಗಿಸಿದರು. ಒಬ್ಬಾಕೆ ಬಗ್ಗಿ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳನ್ನು ಎಬ್ಬಿಸಿ, ಬೈಯಲಾರದೆ ಮುಂದೆ ಓಡಿದೆ.

ನೆನೆದ ಕಾಲುಚೀಲದಲ್ಲಿ ಬಹಳ ದೂರ ಓಡಲಾಗುವುದಿಲ್ಲ. ಪಾದದಲ್ಲಿ ಬೊಬ್ಬೆ ಎದ್ದವು. ಬೊಬ್ಬೆ ತಪ್ಪಿಸಲು ಹೆಜ್ಜೆ ಓರೆಯಾಗಿ ಇಟ್ಟೆ. ಹೆಜ್ಜೆ ಓರೆಯಾದದ್ದಕ್ಕೆ ಹಳೇ ಮೂಳೆ ಮತ್ತೆ ಉರಿಯಿತು. ಇನ್ನು ಮೂರ್ನಾಲ್ಕು ಕಿಲೋಮೀಟರು ಉಳಿದಿರುವಾಗ ಕಾಲು ಊರಲೂ ಆಗದೆ ರಸ್ತೆ ಬದಿಗೆ ಕುಸಿದೆ.

ಮೊಪೆಡ್ಡಿನ ಸದ್ದು ಕೇಳಿತು. ನನ್ನ ಗಂಡ, ಹಿಂದೆ ಚಿಕ್ಕಮ್ಮ, ಅವರ ತೊಡೆಯ ಮೇಲೆ ಬಿಂದಿಗೆ. ಅವರನ್ನು ನೋಡಿ ನಾನು ಹಲ್ಲು ಕಚ್ಚಿ ಎದ್ದೆ, ಎರಡು ಹೆಜ್ಜೆ ಇಟ್ಟು ಮತ್ತೆ ಕೂತೆ.

"ಸಾಕು, ಹತ್ತು" ಎಂದರು ನನ್ನ ಗಂಡ.

"ಮುಗಿಸ್ತೀನಿ ಇರ್ರಿ. ನಿಮ್ಮ..." ಎಂದು ನಿಲ್ಲಿಸಿದೆ.

"ನಂದೇನಾದ್ರೂ ಆಗ್ಲಿ ಬುಡೇ. ಆ ಕಾಲು ಮುರ್ಕಂಡ್ರೆ ನಾಳೆ ಹೆಂಗ್ ನಡೀತೀಯ? ಹತ್ತು ಅಂದ್ನಲ್ಲ." ತನ್ನ ಜೀವ ಈ ಓಟಕ್ಕೆ ಕಟ್ಟಿದೆ ಎಂದು ನಂಬಿದವರು ಆ ಮಾತು ಹೇಳುತ್ತಿದ್ದರು. ನಾನು ತೋಳಿನಿಂದ ಕಣ್ಣೊರೆಸಿಕೊಂಡೆ.

ಚಿಕ್ಕಮ್ಮ ಬಿಂದಿಗೆ ಕೆಳಗಿಟ್ಟು ಇಳಿದರು. ಪಾವಗಡದ ಕಡೆ ಹರಕೆಗೆ ಮೊಕ್ಕು ಅನ್ನುತ್ತಾರೆ. "ಅದ್ಯಾಕಮ್ಮ ಅಳ್ತೀಯ? ಮೊಕ್ಕು ಯಾರ ಹೆಸರಿಗೆ ಐತೋ ಅವರು ನಡುದ್ರೂ ಸಲ್ತದೆ. ಏಮಪ್ಪಾ, ನೀನು ನಡಿ" ಎಂದು ನನ್ನ ಗಂಡನಿಗೆ ಅಪ್ಪಣೆ ಕೊಟ್ಟರು, ಸಂತೆಗೆ ಹೋಗಿ ಬಾ ಎಂಬಷ್ಟು ಸಲೀಸಾಗಿ.

ನನ್ನ ಗಂಡ ರಸ್ತೆಯನ್ನು ನೋಡಿದರು, ನನ್ನನ್ನು ನೋಡಿದರು. ಮೊಪೆಡ್ಡಿನ ಕೀ ನನ್ನ ಕೈಗಿಟ್ಟರು. ಚಪ್ಪಲಿ ಬಿಟ್ಟು, ಕಾದ ಟಾರಿನ ಮೇಲೆ ಬರಿಗಾಲಲ್ಲಿ ಹೊರಟರು. ನಾನು ಗಾಡಿ ಏರಿ, ಚಿಕ್ಕಮ್ಮನನ್ನು ಕೂರಿಸಿಕೊಂಡು ಹಿಂದೆ ಹಿಂದೆ ಹೋದೆ. ಓಟಗಾರರು ನಮ್ಮನ್ನು ದಾಟಿಕೊಂಡು ಹೋದರು. ನನ್ನ ಗಂಡ ನಿಂತರೆ ನಾನೂ ಎದೆ ಹಿಡಿದುಕೊಳ್ಳುತ್ತಿದ್ದೆ, ಅವರು ಹೊರಟರೆ ಉಸಿರು ಬಿಡುತ್ತಿದ್ದೆ. ಅಳು ತಡೆಯಲು, "ನಿಲ್ಬ್ಯಾಡಿ, ನಿಲ್ಬ್ಯಾಡಿ" ಎಂದು ಅವರದೇ ರಾಗದಲ್ಲಿ ಕೂಗುತ್ತಿದ್ದೆ. ಓಟ ಮುಗಿಯುವಲ್ಲಿನ ಶಾಮಿಯಾನದ ಹತ್ತಿರ ಬಂದಾಗ ಕುರ್ಚಿಗಳನ್ನು ಎತ್ತಿಡುತ್ತಿದ್ದರು. ಎದೆಗೆ ನಂಬರ್ ಇಲ್ಲದವರಿಗೆ ಪದಕವಿಲ್ಲ, ಗಾಡಿಯಲ್ಲಿ ಬಂದವರಿಗೂ ಇಲ್ಲ. ಚಿಕ್ಕಮ್ಮ ಉಳಿದಿದ್ದ ಅರಿಶಿನದ ನೀರನ್ನು ನನ್ನ ಗಂಡನ ಕಾಲ ಮೇಲೆ ಸುರಿದರು.

ಸಂಜೆ ಮನೆಯಲ್ಲಿ ಒಂದೇ ಟಬ್ಬಿನ ಉಪ್ಪುನೀರಿನಲ್ಲಿ ಇಬ್ಬರೂ ಕಾಲಿಟ್ಟುಕೊಂಡು ಕೂತಿದ್ದೆವು. ನನಗಿಂತ ದೊಡ್ಡ ಬೊಬ್ಬೆ ಅವರಿಗೇ ಎದ್ದಿದ್ದವು. ಇನ್ನಾದರೂ ನಿಜ ಹೇಳೋಣವೆಂದು, "ರೀ, ನಾನು ಯಾವ ಹರಕೇನೂ ಹೊತ್ತಿರಲಿಲ್ಲ" ಎಂದೆ.

"ಗೊತ್ತು ಕಣೇ" ಎಂದರು. "ದೀಪ ಹಚ್ಚೋಕೇ ಪುರುಸೊತ್ತಿಲ್ಲದೋಳು, ನೀನ್ ಹರಕೆ ಎಲ್ ಹೊರ್ತೀಯ? ಮೊದ್ಲಿಂದ್ಲೂ ಗೊತ್ತಿತ್ತು. ಆದ್ರೆ ನನ್ನ ಹೆಸ್ರಲ್ಲಿ ಯಾರೋ ಒಬ್ರು ಹೊತ್ಕಂಡವ್ರೆ ಅಂದ್ಕಂಡ್ರೆ ನಿದ್ದೆ ಬತ್ತಿತ್ತು."

ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ. "ನಾಳೆಯಿಂದ ಚಪ್ಪಲಿ ಹಾಕ್ಕೊಂಡು ನಡೀರಿ" ಎಂದೆ.