ಕಾಲೇಜು ನೋಡದ ಕಾಲೇಜಕ್ಕ

ಸಿಂಚನಾ, ಮನೂ — ನಿಮ್ಮ ಅಜ್ಜಿ ಕಾಲೇಜು ಓದಿಲ್ಲ.

ಒಂದು ದಿನವೂ ಓದಿಲ್ಲ. ಮೈಸೂರಿನಲ್ಲಿ ಒಂದು ವರ್ಷ ಕಾಲೇಜಿಗೆ ಹೋಗಿದ್ದೆ ಎಂದು ಊರಿಗೆಲ್ಲ ಹೇಳಿದ್ದೇನೆ. ನಿಮ್ಮಪ್ಪನಿಗೂ ಹೇಳಿದ್ದೇನೆ. ನೀವು ಕೇಳಿದಾಗ ಬಾಯಿಬಿಟ್ಟು ಹೇಳದಿದ್ದರೂ ತಲೆಯಾಡಿಸಿದ್ದೇನೆ. ಅದು ಸುಳ್ಳು. ಒಂದೇ ಮನೆಯಲ್ಲಿದ್ದುಕೊಂಡು ಇದನ್ನು ಬರೆದು ತಿಳಿಸುತ್ತಿದ್ದೇನೆ, ಎದುರಿಗೆ ಕೂತು ಹೇಳಲು ನನ್ನಿಂದ ಆಗುವುದಿಲ್ಲ. ನಿಮಗೆ ಗೊತ್ತಲ್ಲ, ಮನೆಗೆ ಯಾರಾದರೂ ಬಂದರೆ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೇ ಮಾತಾಡುವವಳು.

ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಮೈಸೂರಿಗೆ ಹೋಗಿದ್ದು ನಿಜ. ಸೋದರಮಾವನ ಮನೆಗೆ, ಅತ್ತೆಯ ಬಾಣಂತನಕ್ಕೆ. ನೀರು ಕಾಯಿಸುವುದು, ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುವುದು, ಬಟ್ಟೆ ಒಗೆಯುವುದು. ಬೆಳಿಗ್ಗೆ ಹೊತ್ತು ಮನೆಯ ಮುಂದೆ ಹುಡುಗಿಯರು ಪುಸ್ತಕವನ್ನು ಎದೆಗವುಚಿಕೊಂಡು ಹೋಗುತ್ತಿದ್ದರು. ಬಟ್ಟೆ ಹಿಂಡುತ್ತಾ ನೋಡುತ್ತಿದ್ದೆ. ನನ್ನ ಕಾಲೇಜು ಅಷ್ಟೇ. ಮಗು ತಲೆ ನಿಲ್ಲಿಸಿ, ಅಂಬೆಗಾಲಿಟ್ಟ ಮೇಲೆ ಸುತ್ತೂರಿನ ಹತ್ತಿರದ ನನ್ನ ತವರಿಗೆ ವಾಪಸು ಬಂದೆ. ಆಮೇಲೆ ಮದುವೆ, ಹದಿನಾರು ಗ್ರಾಮದ ಪಕ್ಕದ ಈ ನಮ್ಮೂರು.

ಸುಳ್ಳು ಹುಟ್ಟಿದ್ದು ಈ ಮನೆಯ ಜಗಲಿಯ ಮೇಲೆ. ನಿಮ್ಮ ತಾತ ತೀರಿಕೊಂಡಿದ್ದರು, ನಿಮ್ಮಪ್ಪ ಇನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದ. ನಾನು ರವಿಕೆ ಹೊಲಿಯುತ್ತಿದ್ದೆ. ಸಂಜೆ ಬೀದಿಯ ಹೆಣ್ಣುಮಕ್ಕಳು ಲೆಕ್ಕ ಹೇಳಿಸಿಕೊಳ್ಳಲು ಬಂದು ಮೆಷಿನ್ನಿನ ಸುತ್ತ ಕೂರುತ್ತಿದ್ದರು. ಅವರಲ್ಲಿ ಭಾಗ್ಯ ಒಬ್ಬಳು. ಕಬ್ಬು ಕಡಿಯುವ ಪುಟ್ಟಸ್ವಾಮಿಯ ಮಗಳು. ನಾನು ಲೆಕ್ಕವನ್ನು ಪೂರ್ತಿ ಓದಿ ಮುಗಿಸುವ ಮುಂಚೆಯೇ ಅವಳು ಉತ್ತರ ಬರೆದು ಸ್ಲೇಟು ಮಗುಚಿ ಹಾಕಿಬಿಡುವಳು, ಮಿಕ್ಕವರು ನೋಡದಿರಲಿ ಅಂತ.

ಭಾಗ್ಯ ಹತ್ತನೇ ಕ್ಲಾಸು ಪಾಸಾದಳು. ಆ ವಾರವೇ ಕೊಳ್ಳೇಗಾಲದ ಕಡೆಯಿಂದ ಅವಳನ್ನು ಕೇಳಿಕೊಂಡು ಬಂದರು. ಗಂಡಿನ ಕಡೆಯವರಿಗೆ ಏನು ಹೇಳಬೇಕೆಂದು ಗೊತ್ತಾಗದೆ ಪುಟ್ಟಸ್ವಾಮಿ ನನ್ನ ಹತ್ತಿರ ಬಂದ. ಮೈಸೂರಿನಲ್ಲಿ ಇದ್ದು ಬಂದವಳು ಎಂದು ನನ್ನ ಮಾತಿಗೆ ಬೀದಿಯಲ್ಲಿ ಒಂದಿಷ್ಟು ಬೆಲೆಯಿತ್ತು. ಅವನು ಕೆಟ್ಟವನಲ್ಲ. ಹೆದರಿದ್ದ, ಅಷ್ಟೇ.

"ಓದ್ಸೋಕೆ ನಂಗೇನ್ ಇಷ್ಟ ಇಲ್ವಾ ಅಕ್ಕ? ಆದ್ರೆ ಅಲ್ಲೇನ್ ನಡೀತದೆ, ಎಂಗಿರ್ಬೇಕು ಅಂತ ಯೋಳೋರ್ ಯಾರವ್ರೆ? ನಮ್ ಬೀದೀಲಿ ಒಬ್ರಾದ್ರೂ ಆ ಬಾಗ್ಲು ದಾಟವ್ರಾ? ಗೊತ್ತಿಲ್ದಿದ್ ಜಾಗಕ್ಕೆ ಎಣ್ಣೈಕ್ಳ ಎಂಗ್ ಕಳ್ಸನ?"

ಭಾಗ್ಯ ಮೆಷಿನ್ನಿನ ಹಿಂದೆ ಕೂತು ಬಟ್ಟೆಯ ಚೂರುಗಳನ್ನು ಆರಿಸುತ್ತಿದ್ದಳು. ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದಳು. ನಾನು ಅವಳ ಕೈ ನೋಡಿದೆ, ಆಮೇಲೆ — ಎಲ್ಲಿಂದ ಬಂತೋ ಆ ಮಾತು.

"ನಾನ್ ದಾಟಿವ್ನಿ ಕಣಣ್ಣ," ಅಂದೆ. "ಮೈಸೂರಲ್ಲಿದ್ದಾಗ ಒಂದ್ ವರ್ಸ ಕಾಲೇಜಿಗೋಗಿದ್ದೆ. ಎಂಗಿರ್ಬೇಕು ಅಂತ ನಾ ಯೋಳ್ಕೊಡ್ತೀನಿ. ಕಳ್ಸು."

ಪುಟ್ಟಸ್ವಾಮಿ ಬೀಡಿ ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. "ಮತ್ತ್ಯಾಕ್ ಇಷ್ಟ್ ದಿನ ಯೋಳ್ನಿಲ್ಲ?"

"ಯಾರ್ ಕೇಳಿದ್ರು?"

ಅವನು ನಕ್ಕುಬಿಟ್ಟ. ಕೊಳ್ಳೇಗಾಲದವರಿಗೆ ಇಲ್ಲ ಅಂತ ಹೇಳಿ ಕಳಿಸಿದ. ಮಾರನೆಯ ದಿನದಿಂದ ನಾನು ಬೀದಿಗೆಲ್ಲ ಕಾಲೇಜಕ್ಕ.

ಈಗ ಹೆಮ್ಮೆಯ ಮಾತು ಸ್ವಲ್ಪ ಬರೆಯುತ್ತೇನೆ, ಅದೂ ನಿಜವೇ. ಸುಳ್ಳು ಹೇಳಿದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ರವಿಕೆ ಗುಂಡಿ ತರುವ ನೆಪದಲ್ಲಿ ನರಸೀಪುರಕ್ಕೆ ಹೋಗಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಕಾಲೇಜು ಹುಡುಗಿಯರು ಏನು ಮಾತಾಡುತ್ತಾರೆ, ಯಾವ ಪುಸ್ತಕ ಹಿಡಿದಿದ್ದಾರೆ, ಆರ್ಟ್ಸ್ ಅಂದರೇನು ಕಾಮರ್ಸ್ ಅಂದರೇನು, ಎಲ್ಲ ಕೇಳಿಸಿಕೊಂಡು ಬಂದೆ. ಭಾಗ್ಯನ ಜಾತಿ, ಆದಾಯದ ಸರ್ಟಿಫಿಕೇಟಿಗೆ ನಾಡಕಚೇರಿಯ ಮುಂದೆ ಸೆರಗು ತಲೆಗೆಳೆದುಕೊಂಡು ನಿಂತು, ನನ್ನ ಸರದಿ ಬಂದಾಗ ಹೆದರಿ ಪಕ್ಕಕ್ಕೆ ಸರಿದು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತೆ. ಸಂಜೆ ಹುಡುಗಿಯರನ್ನು ಜಗಲಿಯ ಮೇಲೆ ನಿಲ್ಲಿಸಿ ತಲೆಯೆತ್ತಿ ಹೆಸರು ಹೇಳುವುದನ್ನು ಕಲಿಸಿದೆ. ನಾನು ಯಾವತ್ತೂ ತಲೆಯೆತ್ತದವಳು! ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಅಳದೆ, ಕನ್ನಡದಲ್ಲಿ ಹೇಳಿ ಸಾ ಎಂದು ಕೇಳುವುದನ್ನು ಕಲಿಸಿದೆ. ಒಬ್ಬಳನ್ನು ಲೆಕ್ಚರರ್ ಮಾಡಿ ಕೂರಿಸುವುದು, ಮಿಕ್ಕವರು ಮೆಟ್ಟಿಲ ಕೆಳಗೆ ನಿಂತು "ಮೇ ಐ ಕಮಿನ್ ಸಾರ್" ಅನ್ನುವುದು.

ಅಲ್ಲೇ ನಾನು ಎಡವಿದ್ದು.

ನಮ್ಮ ಹಳ್ಳಿ ಶಾಲೆಯಲ್ಲಿ ಚಪ್ಪಲಿ ಹೊರಗೆ ಬಿಡುತ್ತಿದ್ದೆವು. ಚಪ್ಪಲಿ ಇದ್ದವರು ಬಿಡುತ್ತಿದ್ದರು ಅನ್ನಿ. ಒಳಗೆ ಸರಸ್ವತಿ ಫೋಟೊ, ನೆಲದ ಮೇಲೆ ಕೂತು ಪಾಠ — ಮೆಟ್ಟಿಕೊಂಡು ಹೋಗುವುದುಂಟೇ? ಕಾಲೇಜಿನಲ್ಲಿ ಹೇಗೆ ಎಂದು ಹುಡುಗಿಯೊಬ್ಬಳು ಕೇಳಿದಳು. ಗೊತ್ತಿಲ್ಲ ಅನ್ನಬಹುದಿತ್ತು. ಕಾಲೇಜಕ್ಕ ಗೊತ್ತಿಲ್ಲ ಅನ್ನುವುದು ಹೇಗೆ? ಶಾಲೆಗಿಂತ ಕಾಲೇಜು ದೊಡ್ಡದು, ಅಲ್ಲಿ ಇನ್ನೂ ಕಟ್ಟುನಿಟ್ಟು, ಬಾಗಿಲ ಪಕ್ಕ ಜೋಡಿಯಾಗಿ ಬಿಟ್ಟು ಒಳಗೆ ಹೋಗಬೇಕು ಎಂದು ಕಣ್ಣಾರೆ ಕಂಡವಳ ಹಾಗೆ ಹೇಳಿದೆ. ಬಿಡುವುದು ಹೇಗೆ ಎಂದು ಜಗಲಿಯ ಮೆಟ್ಟಿಲ ಮೇಲೆ ತೋರಿಸಿಯೂ ಕೊಟ್ಟೆ.

ಪುಟ್ಟಸ್ವಾಮಿ ಮಗಳ ಕಾಲೇಜಿಗೆಂದು ನಂಜನಗೂಡಿನಿಂದ ಹೊಸ ಚಪ್ಪಲಿ ತಂದ. ಕಂದು ಬಣ್ಣದ್ದು, ಮೇಲೊಂದು ಚಿಕ್ಕ ಬಕಲ್ಲು. ಕೊಟ್ಟ ದಿನ ಅವಳು ಅದನ್ನು ಹಾಕಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡು ಬಂದು ನನಗೆ ತೋರಿಸಿ ಹೋದಳು.

ಮೊದಲ ದಿನ ಸಂಜೆ ಅವಳು ಬಸ್ಸಿಳಿದು ಬರಿಗಾಲಲ್ಲಿ ಬಂದಳು. ನಾನು ಹೊಲಿದ ರವಿಕೆ ಕೊಡಲು ಅವಳ ಮನೆ ಬಾಗಿಲಿಗೆ ಹೋಗಿದ್ದೆ. ಪುಟ್ಟಸ್ವಾಮಿ ಆಗತಾನೆ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದ. ಚಪ್ಪಲಿ ಎಲ್ಲಿ ಎಂದು ಕೇಳಿದ. ಭಾಗ್ಯ ನನ್ನ ಕಡೆ ನೋಡಿದಳು. ನೋಡಿ, ಬಸ್ಸು ಹತ್ತುವಾಗ ನೂಕಾಟದಲ್ಲಿ ಕಳಚಿಹೋಯಿತು, ಒಂದು ಹೋದ ಮೇಲೆ ಇನ್ನೊಂದು ಯಾಕೆಂದು ಅದನ್ನೂ ಬಿಟ್ಟೆ, ಅಂದಳು. ಅಂಗಾಲು ಕೆಂಪಾಗಿ ಬೊಬ್ಬೆ ಎದ್ದಿತ್ತು.

"ಒಂದ್ ಜೊತೆ ಎಕ್ಡ ಕಾಯ್ಕಳಕಾಗ್ದವ್ಳು ಕಾಲೇಜ್ ಓದಾಳಂತೆ," ಅಂದ ಪುಟ್ಟಸ್ವಾಮಿ. ಕೂಗಲಿಲ್ಲ. ಮೆಲ್ಲಗೆ ಅಂದದ್ದೇ ಹೆಚ್ಚು ಚುಚ್ಚಿತು. "ನಾ ಎಡ್ವಿದೆ. ಕೊಳ್ಳೇಗಾಲದೋರ್ಗೆ ಊಂ ಅಂದಿದ್ರೆ ಆಗಿರದು."

ನನಗೆ ಆ ಕ್ಷಣವೇ ಅರ್ಥವಾಗಿತ್ತು — ಅವಳು ನನ್ನ ಕಡೆ ನೋಡಿದಳಲ್ಲ, ಆಗಲೇ. ತಪ್ಪು ನನ್ನದು ಕಣಣ್ಣ ಎಂದು ಹೇಳಬಹುದಿತ್ತು. ಹೇಳಿದ್ದರೆ, ನನಗೆ ಕಾಲೇಜು ಗೊತ್ತಿಲ್ಲ ಎಂಬುದೂ ಅದರ ಹಿಂದೆಯೇ ಬರುತ್ತಿತ್ತು. ಅವನು ಮಗಳನ್ನು ಬಿಡಿಸಿಬಿಡುತ್ತಿದ್ದ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದಿರಬಹುದು. ಆದರೆ ಆಗ ನನ್ನ ಮನಸ್ಸಿನಲ್ಲಿ ಇದ್ದದ್ದು ಭಾಗ್ಯನ ಕಾಲೇಜಲ್ಲ. ನನ್ನ ಹೆಸರು. ರವಿಕೆಯನ್ನು ಅವಳ ತಾಯಿಯ ಕೈಗೆ ಕೊಟ್ಟು, ತಿರುಗಿ ನೋಡದೆ ಮನೆಗೆ ಬಂದೆ.

ದೀಪ ಹಚ್ಚುವ ಹೊತ್ತಿಗೆ ಅವಳು ಬಂದಳು. ಹಿಂದೆಯೇ ಮಿಕ್ಕ ಹುಡುಗಿಯರು ಬರುವವರಿದ್ದರು, ಅದಕ್ಕೇ ಮುಂಚೆ ಬಂದಿದ್ದಳು ಎಂದು ಆಮೇಲೆ ಹೊಳೆಯಿತು. ಕ್ಲಾಸಿನ ಬಾಗಿಲಲ್ಲಿ ಅವಳದೊಂದೇ ಜೊತೆ ಚಪ್ಪಲಿ ಇತ್ತಂತೆ. ದೇವಸ್ಥಾನ ಮುಂದಿನ ಬೀದೀಲಿದೆ ಕಣಮ್ಮ ಎಂದು ಯಾರೋ ಅಂದರಂತೆ, ಕ್ಲಾಸೆಲ್ಲ ನಕ್ಕಿತಂತೆ. ಹೊರಗೆ ಬಂದಾಗ ಚಪ್ಪಲಿ ಇರಲಿಲ್ಲ. ಇಷ್ಟನ್ನೂ ಅವಳು ನನ್ನ ಮುಖ ನೋಡದೆ ಹೇಳಿದಳು. ದೂರಲಿಲ್ಲ. ಕೊನೆಗೆ,

"ಒಳೀಕ್ಕೆ ಆಕೊಂಡೇ ಓಯ್ತಾರೆ ಕಣತ್ತೆ," ಅಂದಳು. "ಉಡ್ಗೀರ್ಗೆ ಯೋಳ್ಬುಡಿ, ಬರೋ ವರ್ಸ ಅವ್ರು ಕಾಲೇಜಿಗೋದಾಗ..." ಆಮೇಲೆ, "ನಿಮ್ ಕಾಲ್ದಲ್ಲಿ ಅಂಗಿತ್ತೇನೋ, ಅಲ್ವಾ?"

ಮಕ್ಕಳೇ, ಆ ಹುಡುಗಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ನನಗೊಂದು ದಾರಿ ಬಿಟ್ಟುಕೊಟ್ಟಳು. ಮಗಳ ವಯಸ್ಸಿನವಳು, ಕಾಲಿನಲ್ಲಿ ಬೊಬ್ಬೆ, ನನ್ನ ಮರ್ಯಾದೆ ಕಾಯುತ್ತಾ ಕೂತಿದ್ದಾಳೆ. ನಾನು ಏನು ಮಾಡಿದೆ?

"ಊಂ, ಆಗ ಅಂಗಿತ್ತು," ಅಂದೆ.

ನಾನು ಬದುಕಿನಲ್ಲಿ ಆಡಿದ ಅತಿ ಕೆಟ್ಟ ಮಾತು ಇದು. ಪುಟ್ಟಸ್ವಾಮಿಗೆ ಹೇಳಿದ ಸುಳ್ಳಿಗಾದರೂ ಒಂದು ಹುಡುಗಿಯ ಓದು ಕಾರಣವಿತ್ತು. ಇದಕ್ಕೆ ಏನಿತ್ತು?

ಭಾಗ್ಯ ಅವಳಮ್ಮನ ಹಳೆಯ ರಬ್ಬರ್ ಚಪ್ಪಲಿಯಲ್ಲೇ ಆ ವರ್ಷ ಕಾಲೇಜಿಗೆ ಹೋದಳು. ಬೆರಳು ಹೊರಗೆ ಬರುವಂಥದ್ದು. ಶನಿವಾರ ಮಧ್ಯಾಹ್ನ ನನ್ನ ಹತ್ತಿರ ಬಂದು ಕಾಲೇಜು ನಿಜಕ್ಕೂ ಹೇಗಿರುತ್ತದೆ ಎಂದು ಹೇಳುತ್ತಿದ್ದಳು. ಇಂಗ್ಲಿಷ್ ಪಾಠಕ್ಕೆ ಎಲ್ಲಿ ಕೂತರೆ ಒಳ್ಳೆಯದು, ಲೈಬ್ರರಿ ಕಾರ್ಡು ಹೇಗೆ ಮಾಡಿಸುವುದು, ಸ್ಕಾಲರ್‌ಷಿಪ್ಪಿಗೆ ಯಾರನ್ನು ಕೇಳುವುದು. ಅವಳು ಮಧ್ಯಾಹ್ನ ಹೇಳಿದ್ದನ್ನು ಸಂಜೆ ನಾನು ನನ್ನದೇ ಅನುಭವದ ಹಾಗೆ ಹುಡುಗಿಯರಿಗೆ ಹೇಳುತ್ತಿದ್ದೆ. ಅವಳೂ ಅವರ ನಡುವೆ ಕೂತು, ಹೊಸದಾಗಿ ಕೇಳುವವಳ ಹಾಗೆ ಕೇಳುತ್ತಿದ್ದಳು. ಆಮೇಲೆ ಹೋದ ಯಾವ ಹುಡುಗಿಯೂ ಚಪ್ಪಲಿ ಹೊರಗೆ ಬಿಡಲಿಲ್ಲ. ಬೀದಿಯಲ್ಲಿ ಪಾಸಾದ ಹೆಣ್ಣುಮಕ್ಕಳೆಲ್ಲ ಕಾಲೇಜಿಗೆ ಹೋದರು. ಇವತ್ತು ಒಬ್ಬಳು ನಂಜನಗೂಡಿನಲ್ಲಿ ನರ್ಸು. ಇನ್ನೊಬ್ಬಳು ನರಸೀಪುರದ ಬಸ್ಸಿನಲ್ಲಿ ಕಂಡಕ್ಟರು — ಹೆಂಗಸರಿಗೆ ಈಗ ಟಿಕೆಟ್ಟಿಗೆ ದುಡ್ಡಿಲ್ಲ, ಆದರೂ ಆ ಸೊನ್ನೆ ಟಿಕೆಟನ್ನು ನನ್ನ ಕೈಗಿಡುವಾಗ "ಕಾಲೇಜಕ್ಕಂಗೆ ಕಿಟಕಿ ಸೀಟು ಬುಡ್ರಪ್ಪ" ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಅನ್ನುತ್ತಾಳೆ. ನನಗೆ ನಾಚಿಕೆಯಾಗುತ್ತದೆ. ಹೆಮ್ಮೆಯೂ ಆಗುತ್ತದೆ. ಯಾವುದು ಎಷ್ಟು ಎಂದು ಬಿಡಿಸಲಾರೆ.

ಹೈಸ್ಕೂಲಿನಲ್ಲಿ ನನಗೆ ಶಾಲು ಹೊದಿಸಿದ್ದು ನಿಮಗೆ ನೆನಪಿರಬೇಕು. ಸಿಂಚನಾ, ನೀನು ಫೋಟೊ ತೆಗೆದೆ. ಆ ಕಾಲದಲ್ಲೇ ಕಾಲೇಜು ಮೆಟ್ಟಿಲು ಹತ್ತಿದ ಮಹಿಳೆ ಎಂದು ಮೇಷ್ಟರು ಮೈಕಿನಲ್ಲಿ ಹೇಳಿದಾಗ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಭಾಗ್ಯ. ಈಗ ಅವಳು ನಂಜನಗೂಡಿನಲ್ಲಿ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳುವ ಲೆಕ್ಚರರ್. ಆ ಶಾಲು ಅವಳದು. ನಾನು ಹೊದ್ದು ಮನೆಗೆ ಬಂದೆ.

ಹೀಗೇ ಹೋಗಿಬಿಡುತ್ತಿತ್ತೇನೋ. ಆದರೆ ಹೋದ ವಾರ ನಿಮ್ಮಪ್ಪ ಸಿಂಚನಳನ್ನು ನರಸೀಪುರದ ಕಾಲೇಜಿಗೆ ಸೇರಿಸಿ ಬಂದು, ಊಟಕ್ಕೆ ಕೂತು, ಅಲ್ಲಿ ಆದದ್ದನ್ನೆಲ್ಲ ಹೇಳಿದ. ಮನೆಯಲ್ಲಿ ಕಾಲೇಜಿಗೆ ಬರುತ್ತಿರುವುದು ಇವಳೇ ಮೊದಲಾ ಎಂದು ಅಲ್ಲಿಯವರು ಕೇಳಿದರಂತೆ. "ಇಲ್ಲ ಸಾ, ಇವ್ಳು ಎರಡ್ನೇವ್ಳು. ಮೊದ್ಲು ನಮ್ಮವ್ವ," ಅಂದನಂತೆ ನಿಮ್ಮಪ್ಪ. ಹತ್ತನೇ ಕ್ಲಾಸಿಗೇ ಓದು ಬಿಟ್ಟು ಗೂಡ್ಸ್ ಆಟೊ ಓಡಿಸಿ ನಿಮ್ಮನ್ನು ಸಾಕುತ್ತಿರುವವನು, ಎದೆಯುಬ್ಬಿಸಿ ಹೇಳಿದ್ದಾನೆ. ಸಿಂಚನಾ, ನೀನು ನನ್ನ ಕಡೆ ನೋಡಿ ನಕ್ಕೆ. ಎರಡನೆಯವಳಾದದ್ದಕ್ಕೆ ನಕ್ಕೆ.

ನನ್ನ ಕೈ ಅನ್ನದ ಪಾತ್ರೆಯಲ್ಲೇ ನಿಂತಿತು.

ನೀನು ಎರಡನೆಯವಳಲ್ಲ ಮಗಳೇ. ಈ ಮನೆಯಿಂದ ಕಾಲೇಜಿನ ಬಾಗಿಲು ದಾಟುತ್ತಿರುವವಳು ನೀನೇ ಮೊದಲು. ನಿನ್ನ ಜಾಗದಲ್ಲಿ ನಾನು ಇಷ್ಟು ವರ್ಷ ಕೂತಿದ್ದೆ. ಎದ್ದಿದ್ದೇನೆ, ನೀನು ಕೂತುಕೋ. ಅಲ್ಲಿ ಏನಾದರೂ ಗೊತ್ತಾಗದಿದ್ದರೆ ಗೊತ್ತಿಲ್ಲ ಎಂದು ಕೇಳು. ಮನೂ, ನೀನೂ ಅಷ್ಟೇ.

ನಿಮ್ಮಪ್ಪನಿಗೆ ಇವತ್ತು ಅವನು ಆಟೊ ನಿಲ್ಲಿಸಿ ಬಂದ ಕೂಡಲೇ ಹೇಳುತ್ತೇನೆ. ಭಾನುವಾರ ನಂಜನಗೂಡಿಗೆ, ಭಾಗ್ಯನ ಮನೆಗೆ ಹೋಗುತ್ತೇನೆ. ಒಂದು ಜೊತೆ ಚಪ್ಪಲಿ ಕೊಂಡುಹೋಗೋಣವೇ ಎಂದು ಯೋಚಿಸಿದೆ. ಬೇಡ ಅನ್ನಿಸಿತು. ಕೊಟ್ಟರೆ ಅವಳು ನಕ್ಕು ಇಸಿದುಕೊಂಡು, ಮತ್ತೆ ನನಗೊಂದು ದಾರಿ ಬಿಟ್ಟುಕೊಡುತ್ತಾಳೆ. ಬರಿಗೈಯಲ್ಲಿ ಹೋಗಿ, ಅವಳ ಬಾಗಿಲಲ್ಲಿ ನಿಂತು, ಆಗ ಹಂಗಿರಲಿಲ್ಲ ಭಾಗ್ಯ, ಆಗ ಹೇಗಿತ್ತೋ ನನಗೆ ಗೊತ್ತೇ ಇಲ್ಲ ಎಂದು ಹೇಳಬೇಕು. ತಲೆಯೆತ್ತಿ ಹೇಳಬೇಕು. ಹುಡುಗಿಯರಿಗೆ ಕಲಿಸಿದ್ದು ನನಗೆ ಬರುತ್ತದೋ ನೋಡೋಣ.

ಈ ಹಾಳೆಗಳನ್ನು ಆ ಶಾಲಿನ ಮಡಿಕೆಯೊಳಗೆ ಇಟ್ಟಿರುತ್ತೇನೆ. ಜೋಪಾನ ಮಾಡಿ. ನಾನಿಲ್ಲದ ಮೇಲೂ ಯಾರಾದರೂ ಬಂದು ನಿಮ್ಮಜ್ಜಿ ಕಾಲೇಜು ಓದಿದವರು ಎಂದರೆ, ಜಗಳವಾಡಬೇಡಿ. ಒಳಗೆ ಕರೆದು ಕೂರಿಸಿ, ಇದನ್ನು ತೆಗೆದು ಓದಿ ಹೇಳಿ. ಭಾಗ್ಯನ ಹೆಸರು ಬರುವಲ್ಲಿ ಸ್ವಲ್ಪ ಗಟ್ಟಿಯಾಗಿ ಓದಿ.